ಸೂಜಿ ಬಿಡಿಸುವ ಮದ್ದೂ ಒಂದು ದಿನದ ಕೂಲಿಯೂ

ಸೂಜಿಯ ಚಟ ಹತ್ತಿದವನನ್ನು ನಮ್ಮ ಸಮಾಜ ಠಾಣೆಗೆ ಕಳುಹಿಸುತ್ತದೆ, ಇಲ್ಲವೆ ಆಣೆ ಮಾಡಿಸಲು ಗುಡಿಗೆ ಕರೆದೊಯ್ಯುತ್ತದೆ. ಇದಕ್ಕೆ ಔಷಧವುಂಟೆಂಬುದು ಎಷ್ಟೋ ಮನೆಗಳಿಗೆ ತಿಳಿದೇ ಇಲ್ಲ. ಇದು ದೂರದ ಪಂಜಾಬಿನ, ಮಣಿಪುರದ ಮಾತೆಂದು ತಳ್ಳಿಹಾಕುವಂತಿಲ್ಲ. ದೇಶದಲ್ಲಿ ಮಾದಕ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷವೆಂದು 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯೇ ಒಪ್ಪಿಕೊಂಡಿದೆ. ಅವರಲ್ಲಿ ಬಹುಪಾಲು ಜನ ಬಳಸುವುದು ಹೆರಾಯಿನ್, ಇಲ್ಲವೆ ಅದೇ ಕುಲದ ನೋವಿನ ಔಷಧಗಳನ್ನು.

ಮುಖ್ಯವಾದ ಮದ್ದು ಮೂರು. ಮೆಥಡೋನ್ ಕುಡಿಯುವ ದ್ರವ. ದಿನಕ್ಕೊಮ್ಮೆ ಕುಡಿದರೆ ಮೈಮುರಿತ, ನಡುಕ, ನಿದ್ದೆಗೇಡು ತಗ್ಗಿ ಮನುಷ್ಯ ಕೆಲಸಕ್ಕೆ ನಿಲ್ಲುತ್ತಾನೆ. ರೋಗಿಯನ್ನು ಚಿಕಿತ್ಸೆಯಲ್ಲಿ ಹಿಡಿದಿಡುವುದರಲ್ಲಿ ಇದಕ್ಕೇ ಮೇಲುಗೈ. ಆದರೆ ಅಳತೆ ಮೀರಿದರೆ ಉಸಿರೇ ನಿಂತೀತು. ಆದುದರಿಂದ ಕಣ್ಣೆದುರು ಕುಡಿಸಬೇಕು. ನಮ್ಮಲ್ಲಿ ಇದು 2012ರಲ್ಲಿ ಆರಂಭವಾದದ್ದು ಬೆರಳೆಣಿಕೆಯ ಕೇಂದ್ರಗಳಲ್ಲಿ. ಬುಪ್ರೆನಾರ್ಫಿನ್ ನಾಲಿಗೆಯಡಿ ಇಡುವ ಮಾತ್ರೆ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ನುಂಗಿದರೂ ಇದರ ಅಮಲು ಏರದು, ಪ್ರಾಣಾಪಾಯ ಕಡಿಮೆ. ನಲಾಕ್ಸೋನ್ ಬೆರೆಸಿದ ಮಾತ್ರೆಯೂ ಉಂಟು. ಅದನ್ನು ಅರೆದು ಚುಚ್ಚಿಕೊಂಡವನಿಗೆ ಸುಖದ ಬದಲು ಸಂಕಟ. ಮೂರನೆಯದಾದ ನಾಲ್‌ಟ್ರೆಕ್ಸೋನ್ ಅಮಲನ್ನೇ ತಡೆಯುತ್ತದೆ. ಕೇಳಲು ಚೆನ್ನ. ಆದರೆ ಆರಂಭಿಸುವ ಮುನ್ನ ವಾರ ಹತ್ತು ದಿನ ಮಾದಕ ಮುಟ್ಟದಿರಬೇಕು; ಮಾತ್ರೆ ಹಿಡಿದವರಲ್ಲಿ ಹೆಚ್ಚಿನವರು ನಡುವೆಯೇ ಬಿಡುತ್ತಾರೆ. ಬಿಟ್ಟವನು ಹಳೆಯ ಅಳತೆಯಲ್ಲೇ ಮತ್ತೆ ಸೂಜಿ ಹಿಡಿದರೆ ತಾಳಿಕೆ ಕಳೆದುಕೊಂಡ ದೇಹ ತಡೆಯಲಾರದು.

ಅಮಲಿಗೆ ಬದಲು ಅಮಲೇ ಎಂದು ಮೂಗು ಮುರಿಯುವ ಮಹನೀಯರಿದ್ದಾರೆ. ಸೂಜಿ ಹಂಚಿಕೊಂಡು ಎಚ್‌ಐವಿ ತಂದುಕೊಳ್ಳುವವನೂ, ಬೆಳಿಗ್ಗೆ ಮಾತ್ರೆ ಇಟ್ಟುಕೊಂಡು ಮಗ್ಗದ ಮುಂದೆ ನಿಲ್ಲುವವನೂ ಇವರ ಕಣ್ಣಿಗೆ ಒಂದೇ! ಮೊದಲೆರಡು ಮದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇವೆರಡರಲ್ಲಿ ಯಾವುದು ಮೇಲೆಂದು ಪಂಡಿತರು ವಾದಿಸಲಿ. ಅನುಗೊಂಡನಹಳ್ಳಿಯ ಕಾರ್ಮಿಕನಿಗೆ ಪ್ರಶ್ನೆ ಬಸ್ಸಿನದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ, ಸಂತೋಷ. ಆದರೆ ದಿನವೂ ಕುಡಿಸಬೇಕಾದ ಮದ್ದು ನಗರದಲ್ಲಿ ಸಿಕ್ಕರೂ, ಅಷ್ಟು ದೂರ ಹೋಗಿ ಬರುವವನನ್ನು ಯಾವ ಕಾರ್ಖಾನೆ ಪಾಳಿಯಲ್ಲಿ ಉಳಿಸಿಕೊಂಡೀತು? ಅಂಗಡಿಯವನು ಎಷ್ಟು ದಿನ ಬಾಗಿಲು ಹಾಕಿಯಾನು? ಆದುದರಿಂದ ನಮ್ಮ ಜನಕ್ಕೆ ಬುಪ್ರೆನಾರ್ಫಿನ್ನೇ ವಾಸಿ, ಅದೂ ಮನೆಗೆ ಕೊಟ್ಟುಕಳುಹಿಸುವುದಾದರೆ. 2020ರ ಕೋವಿಡ್ ಕಾಲದಲ್ಲಿ ಸರ್ಕಾರವೇ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಕೇಂದ್ರಗಳಿಂದ ಹಾಗೆ ಕೊಡಲು ಒಪ್ಪಿತ್ತು. ಆಗ ಆದದ್ದು ಸದಾ ಏಕಾಗಬಾರದು? ಹೊಸಕೋಟೆಯಂಥ ತಾಲ್ಲೂಕು ಆಸ್ಪತ್ರೆಗಳಲ್ಲೆಲ್ಲ ತರಬೇತಾದ ಒಬ್ಬ ವೈದ್ಯರಿದ್ದು, ವಾರಕ್ಕೊಮ್ಮೆ, ಸಂತೆಯ ದಿನವೇ ಆಗಲಿ, ಮಾತ್ರೆ ಬಿಟ್ಟಿಯಾಗಿ ಕೈಗೆ ಸಿಗಬೇಕು. ಮೂರು ತಿಂಗಳಾಯಿತು, ಇನ್ನು ನಿಲ್ಲಿಸು ಎಂಬ ಅವಸರವೂ ಬೇಡ.