ಹಳೆಯ ಮೋಟಾರ್ ಸೈಕಲ್ಲನ್ನು ಬಿಡಬೇಕೆ?

ಯಂತ್ರಕ್ಕೂ ಮುಪ್ಪುಂಟು. ಆದರೆ ಅದು ಇಡೀ ಯಂತ್ರವನ್ನು ಏಕಕಾಲಕ್ಕೆ ಹಿಡಿಯುವುದಿಲ್ಲ. ಒಂದು ಭಾಗ ಸವೆದು ಹೋಗಿರುವಾಗ ಅದರ ಪಕ್ಕದ ಭಾಗ ನಿನ್ನೆ ತಂದಂತೆ ಗಟ್ಟಿಯಾಗಿರಬಹುದು. ಆದುದರಿಂದ ಹಳೆಯ ಯಂತ್ರವೊಂದನ್ನು ಇಟ್ಟುಕೊಳ್ಳಬೇಕೋ ಬಿಟ್ಟು ಹೊಸದನ್ನು ತರಬೇಕೋ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಸಂಶಯ. ಇತ್ತೀಚೆಗೆ ಈ ಪ್ರಶ್ನೆ ನಮ್ಮ ಮನೆಯಲ್ಲಿಯೇ ಎದ್ದಿತು. ಅದನ್ನು ಬಿಡಿಸಹೊರಟಾಗ ಕಂಡುದನ್ನು ವಿದ್ಯಾರ್ಥಿಗಳ ಮುಂದಿಡುವುದು ಉಚಿತವೆಂದು ತೋರಿತು. ಏಕೆಂದರೆ ಕಾಲೇಜಿಗೆ ಸೇರುವ ವಯಸ್ಸಿನಲ್ಲಿ ಹಲವರು ಎದುರಿಸುವ ಪ್ರಶ್ನೆಯೇ ಇದು.

ನಮ್ಮಲ್ಲಿ 1978ರ ಒಂದು ಯೆಜ್ಡಿ ಮೋಟಾರ್ ಸೈಕಲ್ಲಿದೆ. ನನ್ನ ತಂದೆಯವರು ಕೊಂಡದ್ದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದುದು. ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು 1960ರಲ್ಲಿ ಸ್ಥಾಪಿತವಾದ ಈ ಕಾರ್ಖಾನೆ, 1973ರಿಂದ ತನ್ನ ವಾಹನಗಳಿಗೆ ಯೆಜ್ಡಿ ಎಂಬ ಹೆಸರನ್ನಿಟ್ಟು, 1996ರಲ್ಲಿ ಬಾಗಿಲು ಮುಚ್ಚಿತು. ಒದ್ದು ಚಾಲೂ ಮಾಡುವ ಅದೇ ಸನ್ನೆಯನ್ನು ಮುಂದಕ್ಕೆ ಮಡಿಸಿದರೆ ಗೇರು ಬದಲಾಯಿಸುವ ಸನ್ನೆಯಾಗುವ ಅದರ ಚಮತ್ಕಾರವನ್ನು ಮೈಸೂರಿನ ಸೀಮೆಯ ಹಿರಿಯರು ಇಂದಿಗೂ ಅಕ್ಕರೆಯಿಂದ ವರ್ಣಿಸುತ್ತಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಈ ವಾಹನಗಳ ಅಭಿಮಾನಿಗಳು ಒಂದೆಡೆ ಸೇರಿ ಮೆರವಣಿಗೆ ಹೊರಡುವುದೂ ಉಂಟು.

ಈ ವರ್ಷ ನನ್ನ ಅಕ್ಕನ ಮಗನಿಗೆ ಹದಿನೆಂಟು ತುಂಬಿತು; ಮೈಸೂರಿನ ಕಾಲೇಜಿಗೆ ಸೇರಿದ. ಶ್ರೀರಂಗಪಟ್ಟಣದಾಚೆಯ ನಮ್ಮೂರಿನಿಂದ ಅಲ್ಲಿಗೆ 20 ಕಿಲೋಮೀಟರು. ಅಕ್ಕ ಹೊಸ ಗಾಡಿ ಕೊಡಿಸುವ ಮಾತೆತ್ತಿದರೆ ಹುಡುಗ ಒಪ್ಪಲಿಲ್ಲ. “ಮಾವ, ತಾತನ ಗಾಡಿ ಮನೆಯಲ್ಲಿರುವಾಗ ಲಕ್ಷ ರೂಪಾಯಿ ಏಕೆ ಸುರಿಯಬೇಕು? ನೀವೇ ಅಮ್ಮನಿಗೆ ಹೇಳಿ” ಎಂದ. ಅಕ್ಕನೂ, “ನೀನು ಭೌತಶಾಸ್ತ್ರ ಓದಿದವನು, ಲೆಕ್ಕ ಹಾಕಿ ಹೇಳು, ನೀನು ಹೇಳಿದಂತಾಗಲಿ” ಎಂದು ಭಾರವನ್ನು ನನ್ನ ಮೇಲೆ ಹೊರಿಸಿದಳು. ನನ್ನ ಮನಸ್ಸು ಹುಡುಗನ ಪಕ್ಷದಲ್ಲಿಯೇ ಇತ್ತೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಆ ಎಂಜಿನ್ನಿನ ಸದ್ದು ಕೇಳಿಯೇ ತಂದೆಯವರು ಕೆಲಸದಿಂದ ಬಂದರೆಂದು ಬಾಗಿಲಿಗೆ ಓಡುತ್ತಿದ್ದವನು ನಾನು.

ಇಂಥ ಸಂದರ್ಭದಲ್ಲಿ ನೆರೆಹೊರೆಯವರು ಮೊದಲು ಕೇಳುವುದು ‘ಮೈಲೇಜ್ ಎಷ್ಟು?’ ಎಂದು. ಅದನ್ನೇ ಮೊದಲು ನೋಡೋಣ. ನಮ್ಮ ಹಳೆಯ ಗಾಡಿ ಲೀಟರಿಗೆ 30 ಕಿಲೋಮೀಟರು ಓಡುತ್ತದೆ; 125 ಸಿಸಿಯ ಹೊಸ ಗಾಡಿಯೊಂದು 60 ಓಡುತ್ತದೆಂದು ಇಟ್ಟುಕೊಳ್ಳೋಣ. ಪೆಟ್ರೋಲಿನ ಬೆಲೆಯನ್ನು ಲೆಕ್ಕದ ಸೌಕರ್ಯಕ್ಕಾಗಿ ಲೀಟರಿಗೆ ನೂರು ರೂಪಾಯಿ ಎನ್ನೋಣ. ವಾರಕ್ಕೊಮ್ಮೆ ಪೇಟೆಗೆ ಹೋಗಿಬರುವ ನನ್ನಂಥವನು ವರ್ಷಕ್ಕೆ 1000 ಕಿಲೋಮೀಟರು ಓಡಿಸಿಯಾನು. ಅಷ್ಟಕ್ಕೆ ಹಳೆಯ ಗಾಡಿಗೆ 33 ಲೀಟರು, ಹೊಸದಕ್ಕೆ 17. ಉಳಿತಾಯ 16 ಲೀಟರು, ಎಂದರೆ 1600 ರೂಪಾಯಿ. ಪೆಟ್ರೋಲಿಗೆ 25ಕ್ಕೆ ಒಂದು ಪಾಲಿನಂತೆ ಬೆರೆಸಬೇಕಾದ ಎಣ್ಣೆಯ ಬೆಲೆಯನ್ನು ಸೇರಿಸಿದರೆ ಸುಮಾರು 2000. ಒಂದು ಲಕ್ಷ ರೂಪಾಯಿಯ ಹೊಸ ಗಾಡಿ ಈ ಉಳಿತಾಯದಿಂದ ತನ್ನ ಬೆಲೆಯನ್ನು ತೀರಿಸಲು ಐವತ್ತು ವರ್ಷ ಬೇಕು! ಹೊಸ ಗಾಡಿ ಹಣ ಉಳಿಸುತ್ತದೆ ಎಂದು ನಂಬಿ ಕೊಳ್ಳುವ ಅನೇಕರು ಈ ಭಾಗಾಕಾರವನ್ನು ಮಾಡಿಯೇ ಇರುವುದಿಲ್ಲ.

ಆದರೆ ಹುಡುಗನ ಲೆಕ್ಕ ಬೇರೆ. ದಿನಕ್ಕೆ 40 ಕಿಲೋಮೀಟರು, ವರ್ಷಕ್ಕೆ 300 ದಿನ, ಒಟ್ಟು 12,000. ಹಳೆಯ ಗಾಡಿಗೆ 400 ಲೀಟರು, ಹೊಸದಕ್ಕೆ 200. ಎಣ್ಣೆಯೂ ಸೇರಿ ವರ್ಷಕ್ಕೆ ಸುಮಾರು 25,000 ರೂಪಾಯಿಯ ಅಂತರ. ನಾಲ್ಕು ವರ್ಷಕ್ಕೆ ಬೆಲೆ ತೀರಿತು. ಗಾಡಿ ಅದೇ, ಪೆಟ್ರೋಲು ಅದೇ. ಬದಲಾದುದು ಓಡುವ ದೂರ ಮಾತ್ರ. ‘ಎಷ್ಟು ಹಳೆಯದು?’ ಎಂದು ಕೇಳುವ ಮೊದಲು ‘ಎಷ್ಟು ಓಡುತ್ತದೆ?’ ಎಂದು ಕೇಳಬೇಕು.

ವಾತಾವರಣದ ವಿಷಯದಲ್ಲಿಯೂ ಲೆಕ್ಕ ಹೀಗೆಯೇ ಎರಡು ದಾರಿ ಹಿಡಿಯುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಇತ್ತ ಹೊಸ ಗಾಡಿಯೂ ಆಕಾಶದಿಂದ ಇಳಿದು ಬರುವುದಿಲ್ಲ. ಅದಿರು ಅಗೆದು, ಉಕ್ಕು ಕರಗಿಸಿ, ವಿದ್ಯುತ್ತಿನಿಂದ ಅಲ್ಯೂಮಿನಿಯಂ ಬೇರ್ಪಡಿಸಿ ಅದನ್ನು ಮಾಡಬೇಕು. ಒಂದು ಟನ್ ಉಕ್ಕಿನ ತಯಾರಿಕೆಯಲ್ಲಿಯೇ ಸುಮಾರು ಎರಡು ಟನ್ ಅನಿಲ ಹೊರಡುತ್ತದೆ. ಅಲ್ಯೂಮಿನಿಯಮ್ಮಿಗೆ ಇದರ ಹಲವು ಪಟ್ಟು. ಒಂದು ಹೊಸ ಗಾಡಿಯ ಹುಟ್ಟಿಗೆ ಅರ್ಧ ಟನ್ ಎಂದು ಊಹಿಸಿಕೊಂಡರೆ, ದಿನವೂ ಓಡಿಸುವವನ ವಿಷಯದಲ್ಲಿ ಆ ಸಾಲ ಒಂದು ವರ್ಷ ಕಳೆದು ಸ್ವಲ್ಪ ಕಾಲದಲ್ಲಿಯೇ ತೀರುತ್ತದೆ. ನನ್ನ ವಿಷಯದಲ್ಲಿ ಹದಿಮೂರು ವರ್ಷಕ್ಕೂ ಹೆಚ್ಚು ಬೇಕು. ಅಪರೂಪಕ್ಕೆ ಓಡುವ ಹಳೆಯ ಗಾಡಿಯನ್ನು ಪರಿಸರದ ಹೆಸರಿನಲ್ಲಿ ಗುಜರಿಗೆ ಹಾಕುವವರು ಪರಿಸರಕ್ಕೆ ಉಪಕಾರ ಮಾಡುತ್ತಿದ್ದಾರೆಂದು ಹೇಳುವುದು ಕಷ್ಟ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಹುಡುಗನಿಗೆ, ‘ವರ್ಷಕ್ಕೆ ಇಪ್ಪತ್ತೈದು ಸಾವಿರ ಹೋದರೆ ಹೋಗಲಿ, ತಾತನ ಗಾಡಿಯನ್ನೇ ಓಡಿಸು’ ಎಂದುಬಿಡುತ್ತಿದ್ದೆನೇನೋ. ನನ್ನನ್ನು ತಡೆದುವು ಎರಡು ಸಂಗತಿಗಳು: ಹೊಗೆ ಮತ್ತು ಬ್ರೇಕು.

ಹೊಗೆಯ ವಿಷಯ ತಿಳಿಯಬೇಕಾದರೆ ಎಂಜಿನ್ನಿನ ಒಳಗನ್ನು ನೋಡಬೇಕು. ಇಂದಿನ ಮೋಟಾರ್ ಸೈಕಲ್ಲುಗಳು ನಾಲ್ಕು ಹೊಡೆತದವು. ಪಿಸ್ಟನ್ನು ಒಮ್ಮೆ ಇಳಿದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆಯುತ್ತದೆ. ಏರಿ ಅದನ್ನು ಒತ್ತುತ್ತದೆ. ಕಿಡಿ ಹಾರಿ ಮಿಶ್ರಣ ಉರಿದಾಗ ಬಲದಿಂದ ಇಳಿಯುತ್ತದೆ. ಮತ್ತೆ ಏರಿ ಹೊಗೆಯನ್ನು ಹೊರದೂಡುತ್ತದೆ. ಒಳಬರುವ ಬಾಗಿಲಿಗೂ ಹೊರಹೋಗುವ ಬಾಗಿಲಿಗೂ ಪ್ರತ್ಯೇಕ ಕವಾಟಗಳಿವೆ. ಹೊಸ ಮಿಶ್ರಣವೂ ಹಳೆಯ ಹೊಗೆಯೂ ಬಹುಮಟ್ಟಿಗೆ ಒಂದನ್ನೊಂದು ಸಂಧಿಸುವುದಿಲ್ಲ. ಯೆಜ್ಡಿಯ ಎಂಜಿನ್ನು ಎರಡು ಹೊಡೆತದ್ದು. ಅದರಲ್ಲಿ ಈ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನು ತಾನೇ ಮುಚ್ಚುತ್ತ ತೆರೆಯುತ್ತ ಹೋಗುತ್ತದೆ. ಪ್ರತಿ ಸುತ್ತಿಗೂ ಒಮ್ಮೆ ಉರಿಯುವುದರಿಂದ ಸಣ್ಣ ಎಂಜಿನ್ನಿಗೂ ಒಳ್ಳೆಯ ಕಸುವು, ಬಿಡಿಭಾಗಗಳೂ ಕಡಮೆ, ದುರಸ್ತಿಯೂ ಸುಲಭ. ಹಳ್ಳಿಯ ಮೆಕ್ಯಾನಿಕ್ಕು ಮರದ ನೆರಳಿನಲ್ಲಿ ಬಿಚ್ಚಿ ಜೋಡಿಸಬಲ್ಲ ಯಂತ್ರವದು. ಆದರೆ ಪಿಸ್ಟನ್ನು ಕೆಳಗಿರುವ ಒಂದು ಕ್ಷಣದಲ್ಲಿ ಒಳಬರುವ ಕಿಂಡಿಯೂ ಹೊರಹೋಗುವ ಕಿಂಡಿಯೂ ಒಟ್ಟಿಗೆ ತೆರೆದಿರುತ್ತವೆ. ಹೊಸ ಮಿಶ್ರಣವೇ ಹೊಗೆಯನ್ನು ಹೊರಗಟ್ಟಬೇಕು; ಅಟ್ಟುತ್ತ ಅಟ್ಟುತ್ತ ತಾನೂ ಅದರ ಬೆನ್ನಹಿಂದೆ ಹೊರಟುಹೋಗುತ್ತದೆ. ಹೀಗೆ ಉರಿಯದೆಯೇ ಪೋಲಾಗುವ ಪೆಟ್ರೋಲು ಐದರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೂ ಇರಬಹುದು. ಮೇಲಾಗಿ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆ ಅರೆಬರೆ ಉರಿದು ನೀಲಿ ಹೊಗೆಯಾಗಿ ಹಿಂದೆ ಬರುವವರ ಮೂಗಿಗೆ ಸೇರುತ್ತದೆ. ಇದು ಮುಪ್ಪಿನ ದೋಷವಲ್ಲ. ಕಾರ್ಖಾನೆಯಿಂದ ಬಂದ ದಿನವೂ ಆ ಎಂಜಿನ್ನಿನ ಸ್ವಭಾವ ಅದೇ ಆಗಿತ್ತು. ಎಷ್ಟು ದುರಸ್ತಿ ಮಾಡಿದರೂ ಅದು ಹೋಗದು.

“ಆದರೆ ಮಾವ, ಹೊಗೆ ತಪಾಸಣೆಯಲ್ಲಿ ನಮ್ಮ ಗಾಡಿ ಪಾಸಾಗಿದೆಯಲ್ಲ” ಎಂದು ಹುಡುಗ ಪ್ರಮಾಣಪತ್ರ ತಂದು ತೋರಿಸಿದ. ನಿಜ, ಪಾಸಾಗಿದೆ. ಆದರೆ ಆ ಪರೀಕ್ಷೆಯಲ್ಲಿ ಪ್ರತಿ ಗಾಡಿಯನ್ನೂ ಅದರ ಕಾಲದ ಮಿತಿಗೆ ಹೋಲಿಸಲಾಗುತ್ತದೆ. 2000ದ ಮಾರ್ಚಿಗಿಂತ ಮೊದಲು ತಯಾರಾದ ದ್ವಿಚಕ್ರ ವಾಹನಕ್ಕೆ ಉರಿಯದ ಹೈಡ್ರೋಕಾರ್ಬನ್ನಿನ ಮಿತಿ ಹತ್ತು ಲಕ್ಷಕ್ಕೆ 9000 ಪಾಲು. ಅನಂತರದ ನಾಲ್ಕು ಹೊಡೆತದ ವಾಹನಕ್ಕೆ 4500. ಅಲ್ಲದೆ ಪರೀಕ್ಷೆ ನಡೆಯುವುದು ಗಾಡಿ ನಿಂತಲ್ಲಿಯೇ ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ. ರಸ್ತೆಯ ಮೇಲೆ ಎಳೆತದಲ್ಲಿರುವಾಗಿನ ಕಥೆ ಅದು ಹೇಳುವುದಿಲ್ಲ. ಆ ಪತ್ರ ಕಾನೂನಿಗೆ ಸಾಕು, ಗಾಳಿಗೆ ಸಾಲದು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳಿಗಾಗಿ ಇಂಧನವನ್ನು ಅಳೆದು ಚಿಮುಕಿಸುವ ವ್ಯವಸ್ಥೆಯೂ ಹೊಗೆಯನ್ನು ಶುದ್ಧಿಮಾಡುವ ವೇಗವರ್ಧಕವೂ ಸಣ್ಣ ಗಾಡಿಗಳಿಗೂ ಬಂದಿವೆ. ಭಾನುವಾರಕ್ಕೊಮ್ಮೆ ನಾನು ಬಿಡುವ ಹೊಗೆಯನ್ನು ಊರು ಸಹಿಸೀತು. ವರ್ಷಕ್ಕೆ 12,000 ಕಿಲೋಮೀಟರಿನ ಹೊಗೆಯನ್ನು ಇತರರ ಶ್ವಾಸಕೋಶಕ್ಕೆ ತುಂಬಲು ನಮಗೆ ಅಧಿಕಾರವಿಲ್ಲವೆಂದು ನನ್ನ ಅಭಿಪ್ರಾಯ.

ಇನ್ನು ಬ್ರೇಕು. ಗಂಟೆಗೆ 60 ಕಿಲೋಮೀಟರು ಎಂದರೆ ಸೆಕೆಂಡಿಗೆ 16.7 ಮೀಟರು. ಚಿಕ್ಕ ಡ್ರಮ್ ಬ್ರೇಕಿನ ಹಳೆಯ ಗಾಡಿಯೊಂದು ಪ್ರತಿ ಸೆಕೆಂಡಿಗೆ ತನ್ನ ವೇಗದಲ್ಲಿ 4 ಮೀಟರಿನಷ್ಟನ್ನು ಕಳೆದುಕೊಳ್ಳುತ್ತದೆಂದೂ, ಒಳ್ಳೆಯ ಡಿಸ್ಕ್ ಬ್ರೇಕಿನ ಹೊಸ ಗಾಡಿ 7 ಮೀಟರಿನಷ್ಟನ್ನು ಕಳೆದುಕೊಳ್ಳುತ್ತದೆಂದೂ ಇಟ್ಟುಕೊಳ್ಳೋಣ. ವೇಗದ ವರ್ಗವನ್ನು ಈ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ನಿಲ್ಲುವ ದೂರ ದೊರೆಯುತ್ತದೆಂಬುದನ್ನು ಹೈಸ್ಕೂಲಿನಲ್ಲಿಯೇ ಕಲಿತಿದ್ದೇವೆ. ಹೊಸದು 20 ಮೀಟರಿನಲ್ಲಿ ನಿಲ್ಲುತ್ತದೆ. ಹಳೆಯದಕ್ಕೆ 35 ಮೀಟರು ಬೇಕು. ಹದಿನೈದೇ ಮೀಟರಿನ ವ್ಯತ್ಯಾಸವೆಂದು ತಳ್ಳಿಹಾಕಬೇಡಿ. ಹೊಸ ಗಾಡಿ ಪೂರ್ತಿ ನಿಂತ ಜಾಗವನ್ನು ಹಳೆಯದು ತಲಪಿದಾಗ ಅದರ ವೇಗ ಎಷ್ಟಿರುತ್ತದೆ? ಲೆಕ್ಕ ಮಾಡಿ ನೋಡಿ: ಗಂಟೆಗೆ ಸುಮಾರು 39 ಕಿಲೋಮೀಟರು. ಅಡ್ಡಬಂದ ಎತ್ತಿನ ಗಾಡಿಯ ಮುಂದೆ ಒಬ್ಬ ನಿಟ್ಟುಸಿರು ಬಿಟ್ಟು ನಿಂತಿರುವಾಗ, ಇನ್ನೊಬ್ಬ ಆ ವೇಗದಲ್ಲಿ ಅದಕ್ಕೆ ಅಪ್ಪಳಿಸುತ್ತಾನೆ.

ಮಳೆಯ ರಸ್ತೆಯಲ್ಲಿ ಇನ್ನೊಂದು ಅಪಾಯವುಂಟು. ಬ್ರೇಕನ್ನು ಗಟ್ಟಿಯಾಗಿ ಹಿಡಿದಾಗ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರತೊಡಗಿದರೆ ಹಿಡಿತವೂ ಕುಗ್ಗುತ್ತದೆ, ಸಮತೋಲವೂ ತಪ್ಪುತ್ತದೆ. ಇದನ್ನು ತಡೆಯುವ ಎಬಿಎಸ್ ವ್ಯವಸ್ಥೆ ಚಕ್ರದ ವೇಗವನ್ನು ಸದಾ ಅಳೆಯುತ್ತಿದ್ದು, ಚಕ್ರ ಕಚ್ಚಿಕೊಳ್ಳುವ ಸೂಚನೆ ಕಂಡೊಡನೆ ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಮತ್ತೆ ಹಿಡಿಯುತ್ತದೆ. 2018ರ ಏಪ್ರಿಲಿನಿಂದ ಹೊಸ ಮಾದರಿಗಳಿಗೂ ಮರುವರ್ಷದಿಂದ ಎಲ್ಲ ಮಾದರಿಗಳಿಗೂ, 125 ಸಿಸಿಗೆ ಮೇಲ್ಪಟ್ಟ ಗಾಡಿಗಳಲ್ಲಿ ಇದು ಕಡ್ಡಾಯವಾಯಿತು. 125 ಸಿಸಿಯವರೆಗಿನ ಗಾಡಿಗಳಿಗೆ, ಒಂದು ಬ್ರೇಕು ಒತ್ತಿದರೆ ಎರಡು ಚಕ್ರಕ್ಕೂ ಹಿಡಿತ ಬೀಳುವ ಸಂಯುಕ್ತ ಬ್ರೇಕಾದರೂ ಸಾಕೆಂದು ಆ ನಿಯಮ ಹೇಳಿತು. ಈ ಎರಡೂ ಒಂದೇ ಅಲ್ಲ. ಸಣ್ಣ ಗಾಡಿ ಕೊಳ್ಳುವ ವಿದ್ಯಾರ್ಥಿಗಳು ಬಣ್ಣ ನೋಡುವ ಮೊದಲು ಮುಂಚಕ್ರದ ಬ್ರೇಕನ್ನು ನೋಡಲಿ.

ಹುಡುಗನ ಕೊನೆಯ ವಾದ ನನ್ನದೂ ಆಗಿತ್ತು: “ಹೋದ ವರ್ಷವಷ್ಟೇ ಸಿಲಿಂಡರು ಬೋರು ಮಾಡಿಸಿ, ಹೊಸ ಪಿಸ್ಟನ್ನು ಹಾಕಿಸಿ, ಅಷ್ಟೊಂದು ಖರ್ಚು ಮಾಡಿದಿರಲ್ಲ, ಮಾವ.” ಖರ್ಚಾದ ಹಣ ಖರ್ಚಾಯಿತು, ಗಾಡಿಯನ್ನು ಇಟ್ಟುಕೊಂಡರೂ ಮಾರಿದರೂ ಅದು ಮರಳುವುದಿಲ್ಲ. ಮುಂದೇನು ಮಾಡಬೇಕೆಂಬುದನ್ನು ನಿರ್ಧರಿಸುವಾಗ ಅದನ್ನು ತಕ್ಕಡಿಯಲ್ಲಿ ಇಡಬಾರದು. ಇದನ್ನು ಹೇಳುವುದು ಸುಲಭ. ರಸೀದಿಯನ್ನು ಕೈಯಲ್ಲಿ ಹಿಡಿದುಕೊಂಡು ನಂಬುವುದು ಕಷ್ಟ. ಹೊಸ ಪಿಸ್ಟನ್ನು ಹಾಕಿದ್ದರಿಂದ ಎಂಜಿನ್ನು ಗಟ್ಟಿಯಾಯಿತು, ಬ್ರೇಕೇನೂ ಉತ್ತಮವಾಗಲಿಲ್ಲ. ರಬ್ಬರಿನ ಕೊಳವೆಗಳೂ ತಂತಿಯ ಹೊದಿಕೆಗಳೂ ಓಡಲಿ ಬಿಡಲಿ, ಗಾಳಿ ಬಿಸಿಲುಗಳಿಂದ ಗಡುಸಾಗಿ ಬಿರಿಯುತ್ತವೆ. ಇದರ ಮೇಲೆ ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಹಳೆಯ ಕಾಲದ ರಬ್ಬರಿಗೆ ಒಗ್ಗದು.

ವಿದ್ಯುತ್ ಸ್ಕೂಟರಿನ ಮಾತನ್ನೂ ಯೋಚಿಸಿದೆವು. ನೂರು ಕಿಲೋಮೀಟರಿಗೆ ಸುಮಾರು 3 ಯೂನಿಟ್ಟು ಸಾಕಾಗುವುದರಿಂದ ದಿನಕ್ಕೆ 40 ಕಿಲೋಮೀಟರು ಓಡುವವನಿಗೆ ಅದರಷ್ಟು ಅಗ್ಗದ ಓಟ ಬೇರೊಂದಿಲ್ಲ. ನಮ್ಮ ಮನೆಗೆ ವಿದ್ಯುತ್ತು ಬರುವ ಹೊತ್ತು ಹೋಗುವ ಹೊತ್ತುಗಳ ಮೇಲೆ ನಂಬಿಕೆಯಿದ್ದಿದ್ದರೆ ಅದನ್ನೇ ಆರಿಸುತ್ತಿದ್ದೆ.

ಕೊನೆಗೆ ಅಕ್ಕನಿಗೆ, “ಮುಂದೆ ಡಿಸ್ಕ್ ಬ್ರೇಕಿರುವ ಗಾಡಿ ಕೊಡಿಸು, ಹೊಚ್ಚಹೊಸದೇ ಆಗಬೇಕೆಂದಿಲ್ಲ, ಮೂರು ನಾಲ್ಕು ವರ್ಷ ಓಡಿದ್ದಾದರೂ ಸರಿ” ಎಂದೆ. ಹುಡುಗ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಬಂದು, “ಹಾಗಾದರೆ ತಾತನ ಗಾಡಿಯನ್ನು ಮಾರುತ್ತೀರಾ?” ಎಂದು ಕೇಳಿದ. ಮಾರುವುದಿಲ್ಲ. 15 ವರ್ಷ ಮೀರಿದ ವಾಹನಗಳ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಅವಧಿ ಇನ್ನೂ ಇದೆ. ಭಾನುವಾರ ಬೆಳಗ್ಗೆ ನಿಧಾನವಾಗಿ ಕಾವೇರಿಯ ದಡದವರೆಗೆ ಹೋಗಿಬರಲು ಅದು ಇರಲಿ.

ಅಂದು ಸಂಜೆ ಇಬ್ಬರೂ ಕೂಡಿ ಗಾಡಿಯನ್ನು ಒರೆಸುತ್ತಿದ್ದಾಗ, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳನ್ನು ಅವನಿಗೆ ತೋರಿಸಿದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ತಿಳಿಸುತ್ತವೆ. ನಮ್ಮ ಮುಂದಿನ ಟೈರಿನ ಮೇಲೆ 2314 ಎಂದಿತ್ತು, ಎಂದರೆ 2014ರ ಇಪ್ಪತ್ತಮೂರನೆಯ ವಾರ. ಹಳ್ಳಗಳು ಇನ್ನೂ ಆಳವಾಗಿಯೇ ಇದ್ದುವು. ಆದರೆ ಉಗುರಿನಿಂದ ಒತ್ತಿದರೆ ರಬ್ಬರು ಮರದಂತಿತ್ತು. “ಮಾವ, ನೀವು ಮೊದಲು ಇದನ್ನು ಬದಲಾಯಿಸಿ” ಎಂದ.