ಮಾರಿದವರೇ ರದ್ದುಮಾಡಿದ ಟಿಕೀಟು



ನಮ್ಮ ರಾಜಘಟ್ಟದ ವೃದ್ಧೆಯೊಬ್ಬರು ತಮ್ಮ ಯಜಮಾನರ ಪ್ರಥಮಾಬ್ದಿಕವನ್ನು ಗೋಕರ್ಣದಲ್ಲಿ ನಡೆಸಬೇಕೆಂದು ಸಂಕಲ್ಪಿಸಿದ್ದರು. ಮೊಮ್ಮಗನು ತಿಂಗಳ ಮುಂಚಿತವಾಗಿಯೇ ಬೆಂಗಳೂರಿನಿಂದ ಹೊರಡುವ ರಾತ್ರಿಯ ಬಸ್ಸಿನಲ್ಲಿ ಎರಡು ಸ್ಥಳಗಳನ್ನು ಮೊಬೈಲಿನ ಮೂಲಕ ೧,೮೦೦ ರೂಪಾಯಿಗಳಿಗೆ ಕೊಂಡಿದ್ದನು. ಹೊರಡುವ ದಿನ ಮಧ್ಯಾಹ್ನ, ಮಡಿಬಟ್ಟೆ, ಎಳ್ಳು, ದರ್ಭೆಗಳನ್ನು ಚೀಲಕ್ಕೆ ತುಂಬಿಯಾದ ಮೇಲೆ, ಮಾರಾಟಗಾರರ ಸಂದೇಶ ಬಂದಿತು: ಟಿಕೀಟು ರದ್ದಾಗಿದೆ, ಹಣವನ್ನು ತಮ್ಮಲ್ಲಿಯೇ ಜಮಾ ಇರಿಸಲಾಗಿದೆ, ಮುಂದಿನ ಪ್ರಯಾಣಕ್ಕೆ ಉಪಯೋಗಿಸಿಕೊಳ್ಳಬಹುದು. ಕಾರಣವೇನೆಂಬುದು ಅದರಲ್ಲಿರಲಿಲ್ಲ. ಅದೇ ದಾರಿಯ ಬೇರೊಂದು ಬಸ್ಸಿನಲ್ಲಿ ಎರಡು ಸ್ಥಳಗಳ ಬೆಲೆ ಆ ಹೊತ್ತಿಗೆ ೩,೨೦೦ ರೂಪಾಯಿಗಳಾಗಿದ್ದಿತು.

ಆಕೆ ನಮ್ಮ ಜಗಲಿಗೆ ಬಂದು, “ಮೇಷ್ಟ್ರೇ, ದುಡ್ಡು ಇವತ್ತಲ್ಲ ನಾಳೆ ಬಂದೀತು. ತಿಥಿ ನಾಳೆಗೆ ಕಾಯುತ್ತದೆಯೇ?” ಎಂದು ಕೇಳಿದರು. ಕಾಯುವುದಿಲ್ಲ. ಹೆಚ್ಚಿನ ಬೆಲೆಯನ್ನೇ ತೆತ್ತು ಅವರು ಹೊರಟರು. ಕರ್ಮವು ಸಾಂಗವಾಗಿ ನೆರವೇರಿತು. ಆದರೆ ಹೆಚ್ಚಾಗಿ ತೆತ್ತ ೧,೪೦೦ ರೂಪಾಯಿಗಳ ಹೊರೆಯು ಯಾರದು ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಪಡೆದ ಹಣವನ್ನು ಹಿಂದಿರುಗಿಸಿದೊಡನೆ ಋಣವು ತೀರಿತೆಂದು ಮಾರಾಟಗಾರರು ಭಾವಿಸುವರು. ಇದು ಸರಿಯಲ್ಲ. ನಾವೇ ಟಿಕೀಟು ಬೇಡವೆಂದರೆ ಅವರು ದಂಡವನ್ನು ಮುರಿದುಕೊಳ್ಳುವರಷ್ಟೆ? ೨೦೨೦ನೆಯ ಜುಲೈ ೨೩ರಂದು ಪ್ರಕಟವಾದ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು ಇಲ್ಲಿ ಒಂದೇ ತಕ್ಕಡಿಯನ್ನು ಹಿಡಿಯುತ್ತವೆ. ಮಾರಾಟಗಾರರು ಯಾವುದೇ ಕಾರಣದಿಂದ ತಾವಾಗಿ ರದ್ದುಮಾಡಿದಾಗ ಅಂತಹುದೇ ದಂಡವನ್ನು ತಾವೂ ಹೊರದಿದ್ದರೆ, ರದ್ದುಮಾಡಿದ ಗ್ರಾಹಕನಿಂದಲೂ ಅದನ್ನು ವಸೂಲುಮಾಡಕೂಡದು. ಕರಾರು ಉಭಯಪಕ್ಷಗಳನ್ನೂ ಕಟ್ಟತಕ್ಕದ್ದು. ಒಬ್ಬರಿಗೆ ಹಗ್ಗ, ಇನ್ನೊಬ್ಬರಿಗೆ ನೂಲೆಳೆ ಆಗಬಾರದು.

ಮಳೆಗಾಲದಲ್ಲಿ ಘಟ್ಟದ ದಾರಿ ಕುಸಿದು ಬಸ್ಸು ನಿಂತರೆ ಬಸ್ಸಿನವರನ್ನು ದೂರುವುದು ನ್ಯಾಯವಲ್ಲ; ಆಗಲೂ ಕೊಟ್ಟ ಹಣ ಮಾತ್ರ ಹಿಂದಿರುಗಬೇಕು. ಕಾರಣವನ್ನೇ ಹೇಳದೆ ಕೈಬಿಟ್ಟರೆ ಅದು ಸೇವೆಯ ನ್ಯೂನತೆ. ಅದರಿಂದಾದ ನಷ್ಟಕ್ಕೆ ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಪರಿಹಾರವನ್ನು ಕೇಳಬಹುದು.

ಕೇಳದಿದ್ದರೆ ಹಣವು ಎಷ್ಟು ಕಾಲ ಅಲ್ಲಿಯೇ ಕುಳಿತಿರಬಹುದೆಂಬುದಕ್ಕೆ ದೃಷ್ಟಾಂತವುಂಟು. ೨೦೨೦ರ ಕೊರೊನಾ ದಿಗ್ಬಂಧನದಲ್ಲಿ ರದ್ದಾದ ಪ್ರಯಾಣಗಳ ಬಾಬತು, ‘ಯಾತ್ರಾ’ ಎಂಬ ಟಿಕೀಟು ಸಂಸ್ಥೆಯಲ್ಲಿ ಸುಮಾರು ಎರಡೂವರೆ ಕೋಟಿ ರೂಪಾಯಿಗಳು ೨೦೨೪ರಲ್ಲಿಯೂ ಪ್ರಯಾಣಿಕರಿಗೆ ಸಲ್ಲದೆ ಉಳಿದಿದ್ದವು. ಆ ವರ್ಷದ ಜೂನ್ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅದನ್ನು ಹಿಂದಿರುಗಿಸಬೇಕೆಂದು ಆಜ್ಞಾಪಿಸಿತು.

ಆದುದರಿಂದ ಗೃಹಸ್ಥರು ಮಾಡತಕ್ಕದ್ದೇನೆಂದರೆ: ಟಿಕೀಟು, ರದ್ದತಿಯ ಸಂದೇಶ, ಅದೇ ದಿನದ ಹೆಚ್ಚಿನ ಬೆಲೆಯನ್ನು ತೋರಿಸುವ ಪರದೆಯ ಚಿತ್ರ, ಹೊಸ ಟಿಕೀಟಿನ ರಸೀದಿ, ಇವನ್ನು ಜೋಪಾನವಾಗಿಡಬೇಕು. ಹಣವನ್ನು ಅವರಲ್ಲಿಯೇ ಜಮಾ ಇಡಲು ಸಮ್ಮತಿಸದೆ ಬ್ಯಾಂಕಿನ ಖಾತೆಗೇ ಕೇಳಬೇಕು. ಅನಂತರ ಆ ಸಂಸ್ಥೆಯ ಕುಂದುಕೊರತೆಯ ಅಧಿಕಾರಿಗೆ ಬರೆಯಬೇಕು. ೪೮ ಘಂಟೆಗಳೊಳಗೆ ದೂರು ತಲಪಿತೆಂದು ತಿಳಿಸುವುದೂ, ಒಂದು ತಿಂಗಳೊಳಗೆ ಪರಿಹರಿಸುವುದೂ ಆತನ ಕರ್ತವ್ಯ. “ನಾವು ಬರಿಯ ಮಧ್ಯವರ್ತಿಗಳು” ಎಂಬ ಉತ್ತರದಿಂದ ಆ ಕರ್ತವ್ಯವು ತಪ್ಪುವುದಿಲ್ಲ. ಅಲ್ಲಿ ಫಲವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫.

ಕಡೆಯದು ಜಿಲ್ಲಾ ಗ್ರಾಹಕ ಆಯೋಗ. ಕಂಪೆನಿಯು ಮುಂಬಯಿಯಲ್ಲಿದ್ದರೂ ದೆಹಲಿಯಲ್ಲಿದ್ದರೂ ನಾವು ಅಲ್ಲಿಗೆ ಹೋಗಬೇಕಾಗಿಲ್ಲ. ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರನ್ನು ಕೊಡಬಹುದು. ತೆತ್ತ ಬೆಲೆ ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನಿಡಲೇಬೇಕೆಂಬ ನಿರ್ಬಂಧವೂ ಇಲ್ಲ. ಎರಡು ವರ್ಷಗಳೊಳಗೆ ಕೊಟ್ಟರೆ ಸರಿ. ೨೦೨೫ರಲ್ಲಿ ಆರಂಭವಾದ ‘ಇ-ಜಾಗೃತಿ’ ತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು.

ನಮ್ಮ ವೃದ್ಧೆಗೆ, ಅಧಿಕಾರಿಗೆ ಬರೆದ ಮೇಲೆ, ೧,೮೦೦ ರೂಪಾಯಿಗಳು ಬ್ಯಾಂಕಿಗೆ ಬಂದವು. ಉಳಿದ ೧,೪೦೦ಕ್ಕಾಗಿ ಮೊಮ್ಮಗನೂ ನಾನೂ ಆಯೋಗಕ್ಕೆ ದೂರನ್ನು ಬರೆಯುತ್ತಿದ್ದೇವೆ. “ಇಷ್ಟು ದುಡ್ಡಿಗೆ ಇಷ್ಟೊಂದು ಬರವಣಿಗೆಯೇ?” ಎಂದು ಆಕೆ ನಕ್ಕರು. ಮೊತ್ತವು ಅಲ್ಪವೆಂದು ಪ್ರತಿಯೊಬ್ಬರೂ ಸುಮ್ಮನಾಗುವರೆಂಬ ನಂಬಿಕೆಯೇ ಇಂತಹ ಮಾರಾಟಗಾರರ ಬಂಡವಾಳ. ಅದನ್ನು ಹುಸಿಮಾಡುವುದಕ್ಕೆ ಬೇಕಾದುದು ಒಂದು ಹಾಳೆ ಕಾಗದ, ಸ್ವಲ್ಪ ತಾಳ್ಮೆ.