ಕಳಿಸಿದ್ದೆಷ್ಟು, ಮಾರಿದ್ದೆಷ್ಟು?

ಗಣೇಶ ಹಬ್ಬಕ್ಕೆ ವಡಗಾವಿಗೆ ಹೋದಾಗ ಅಕ್ಕನ ಮಗ ಬ್ಯಾಗ್ ಇಳಿಸೋಕೂ ಬಿಡಲಿಲ್ಲ. "ಮಾಮಾ, ಪ್ಲೇಸ್ಟೇಷನ್ ಛಲೋನೋ, ಎಕ್ಸ್‌ಬಾಕ್ಸ್ ಛಲೋನೋ? ಯಾವ್ದು ಭಾಳ ಮಾರೇತಿ, ಅದನ್ನ ಕೊಡ್ಸು." ಹತ್ತನೇ ಕ್ಲಾಸ್ ಪರೀಕ್ಷೆ ಮುಗಿದ ಮೇಲೆ ಕೊಡಿಸ್ತೀನಿ ಅಂತ ನಾನೇ ಬಾಯಿಬಿಟ್ಟಿದ್ದೆ. ಈಗ ತಪ್ಪಿಸಿಕೊಳ್ಳೋ ಹಾಗಿಲ್ಲ.

ಯಾವುದು ಹೆಚ್ಚು ಮಾರಿದೆ ಅನ್ನೋದು ಸುಲಭದ ಪ್ರಶ್ನೆ ಅನಿಸುತ್ತೆ. ಸೋನಿ ಹೇಳುವ ಪ್ರಕಾರ 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಒಟ್ಟು 16 ಕೋಟಿ ದಾಟಿತು. ಅದರಲ್ಲೇ ಡಿವಿಡಿ ನೋಡಬಹುದಿತ್ತು, ಹಾಗಾಗಿ ಆಟ ಆಡದವರೂ ಕೊಂಡರು. ನಿಂಟೆಂಡೊ ಸ್ವಿಚ್ 15 ಕೋಟಿ ದಾಟಿದೆ. ಅದೇ ನಿಂಟೆಂಡೊದ ವೀ 10 ಕೋಟಿ ಮಾರಿದರೆ, ಅದರ ಹಿಂದೆಯೇ ಬಂದ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ. ಹಿಂದಿನ ಹೆಸರು ಮುಂದಿನದನ್ನು ಕಾಯುವುದಿಲ್ಲ.

ಆದರೆ ಈ ಅಂಕಿಗಳಲ್ಲಿ ಒಂದು ಕೊಕ್ಕೆ ಇದೆ. ನನಗೆ ಅದು ಅರ್ಥವಾಗಿದ್ದು ಕಾಲೇಜಿನಲ್ಲೂ ಅಲ್ಲ, ಆಫೀಸಿನಲ್ಲೂ ಅಲ್ಲ. ನಮ್ಮ ಮನೆಯ ಮಗ್ಗದ ಮುಂದೆ.

ಏಪ್ರಿಲ್ 2014ರ ಕಥೆ ನೋಡಿ. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡೂ ಹಿಂದಿನ ನವೆಂಬರಿನಲ್ಲಿ ಒಂದು ವಾರದ ಅಂತರದಲ್ಲಿ ಬಂದಿದ್ದವು. ಮೊದಲನೆಯದಕ್ಕೆ 399 ಡಾಲರ್, ಕಿನೆಕ್ಟ್ ಕ್ಯಾಮೆರಾ ಸೇರಿಸಿ ಕೊಡುತ್ತಿದ್ದ ಎರಡನೆಯದಕ್ಕೆ 499. ಸೋನಿ 70 ಲಕ್ಷ ಅಂತ ಘೋಷಿಸಿತು. ಅದರ ಬೆನ್ನಲ್ಲೇ ಮೈಕ್ರೋಸಾಫ್ಟ್ 50 ಲಕ್ಷ ಅಂದಿತು. ಅಂತರ ಬರೀ 20 ಲಕ್ಷ ಅಂತ ನಮ್ಮ ಹಾಸ್ಟೆಲ್‌ನಲ್ಲಿ ದೊಡ್ಡ ವಾದ. ಯಾರೂ ಸಣ್ಣಕ್ಷರ ಓದಿರಲಿಲ್ಲ. ಸೋನಿಯ 70 ಲಕ್ಷ ಗಿರಾಕಿಗಳ ಕೈ ಸೇರಿದ್ದು. ಮೈಕ್ರೋಸಾಫ್ಟ್‌ನ 50 ಲಕ್ಷ ಅಂಗಡಿಗಳಿಗೆ ಕಳಿಸಿದ್ದು. ಅದರಲ್ಲಿ ಎಷ್ಟು ಅಂಗಡಿಯ ಕಪಾಟಿನಲ್ಲೇ ಕೂತಿತ್ತೋ, ಆ ಅಂಕಿ ಹೇಳುವುದಿಲ್ಲ.

ನಾನೂ ಅದೇ ತಪ್ಪು ಮಾಡಿದೆ, ಅದೂ ಅಪ್ಪನ ದುಡ್ಡಿನಲ್ಲಿ.

ನಮ್ಮದು ಎರಡು ಪವರ್‌ಲೂಮಿನ ಮನೆ. ಅಪ್ಪ ಸೀರೆ ನೇಯ್ದು ವ್ಯಾಪಾರಿಗಳಿಗೆ ಉದ್ರಿ ಮೇಲೆ ಕಳಿಸ್ತಾರೆ. ಕೆಲಸ ಸಿಕ್ಕ ಹೊಸತು, 2019ರಲ್ಲಿ, ಅಪ್ಪನ ಲೆಕ್ಕವನ್ನೆಲ್ಲ ಎಕ್ಸೆಲ್‌ಗೆ ಹಾಕಿಕೊಟ್ಟೆ. 'ಮಾರಾಟ' ಅನ್ನೋ ಕಾಲಮ್ಮಿನಲ್ಲಿ ಕಳಿಸಿದ ಸೀರೆಯನ್ನೆಲ್ಲ ತುಂಬಿದೆ. ಗ್ರಾಫ್ ಸುಂದರವಾಗಿ ಮೇಲೇರಿತು. "ಅಪ್ಪಾ, ಮೂರನೇ ಮಗ್ಗ ಹಾಕೋಣ, ಸಾಲ ನಾನು ನೋಡಿಕೊಳ್ತೀನಿ" ಅಂದೆ.

ಅಪ್ಪ ಸ್ಕ್ರೀನ್ ನೋಡಿ ಅಂದಿದ್ದು ಒಂದೇ ಮಾತು: "ರೊಕ್ಕ ಕೈಗೆ ಬರೂತನಾ ಅದು ಮಾರಿದ್ದಲ್ಲಪಾ."

ನಾನು ನಕ್ಕೆ. ಮಗ್ಗ ಬಂತು.

ಮಾರ್ಚ್ 2020ರಲ್ಲಿ ಲಾಕ್‌ಡೌನ್ ಆಯ್ತು. ಮದುವೆ ಸೀಸನ್ ಹೋಯ್ತು, ಸೀರೆ ಗಂಟುಗಳು ಒಂದೊಂದಾಗಿ ವಾಪಸ್ ಬಂದವು. ಎಲ್ಲದಕ್ಕೂ ಲಾಕ್‌ಡೌನ್ ಕಾರಣ ಅನ್ನಬಹುದಿತ್ತು. ಆದರೆ ಬಂದ ಮಾಲಿನಲ್ಲಿ ಹಿಂದಿನ ದೀಪಾವಳಿಗೆ ಕಳಿಸಿದ ಗಂಟುಗಳೂ ಇದ್ದವು. ಅಪ್ಪ ಕಟ್ಟಿದ ದಾರ ಹಾಗೇ ಇತ್ತು, ಯಾರೂ ಬಿಚ್ಚಿರಲೇ ಇಲ್ಲ. ನನ್ನ ಗ್ರಾಫ್‌ನಲ್ಲಿ ಅವೆಲ್ಲ 'ಮಾರಾಟ' ಆಗಿದ್ದವು. ಮಾರನೇ ವರ್ಷ ಮೂರನೇ ಮಗ್ಗವನ್ನು ಸಿಕ್ಕ ಬೆಲೆಗೆ ಕೊಟ್ಟೆವು. ಆ ಜಾಗದಲ್ಲಿ ಈಗ ಅಕ್ಕನ ಸ್ಕೂಟಿ ನಿಲ್ಲುತ್ತೆ. ಸಾಲದ ಕಂತು ಮಾತ್ರ ನನ್ನ ಸಂಬಳದಿಂದ ಇನ್ನೂ ಎರಡು ವರ್ಷ ಹೋಯ್ತು. ಅಪ್ಪ ಒಂದು ದಿನವೂ ಎತ್ತಿ ಆಡಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಅಂದಿನಿಂದ ಯಾವ ಮಾರಾಟದ ಸುದ್ದಿ ಓದಿದರೂ ಮೊದಲು ಕೇಳೋದು: ಎಲ್ಲಿ ನಿಂತು ಎಣಿಸಿದರು? ಕಾರ್ಖಾನೆ ಬಾಗಿಲಲ್ಲೋ, ಅಂಗಡಿ ಗಲ್ಲಾದಲ್ಲೋ?

ಎರಡನೇ ಪ್ರಶ್ನೆ, ಎಣಿಸೋದನ್ನು ನಿಲ್ಲಿಸಿದ್ದು ಯಾವಾಗ? ಮೈಕ್ರೋಸಾಫ್ಟ್ 2015ರಲ್ಲಿ ಎಷ್ಟು ಕನ್ಸೋಲ್ ಹೋಯ್ತು ಅಂತ ಹೇಳೋದನ್ನೇ ಬಿಟ್ಟಿತು. ಬದಲಿಗೆ ಎಕ್ಸ್‌ಬಾಕ್ಸ್ ಲೈವ್ ಬಳಸುವವರ ಸಂಖ್ಯೆ ಕೊಡತೊಡಗಿತು. ಮುಚ್ಚಿಡಲಿಕ್ಕೆ ಮಾತ್ರ ಅಂತ ಹೇಳಲಾರೆ. ಚಂದಾ ಮತ್ತು ಆಟಗಳಿಂದ ದುಡಿಯುವ ಕಂಪನಿಗೆ ಪೆಟ್ಟಿಗೆಯ ಲೆಕ್ಕ ನಿಜಕ್ಕೂ ಚಿಕ್ಕದು. ಆದರೂ 2022ರಲ್ಲಿ ಬ್ರೆಜಿಲ್‌ನ ಸ್ಪರ್ಧಾ ಆಯೋಗಕ್ಕೆ ಕೊಟ್ಟ ಉತ್ತರದಲ್ಲಿ ಅದೇ ಒಪ್ಪಿಕೊಂಡಿತು: ಆ ತಲೆಮಾರಿನಲ್ಲಿ ಸೋನಿ ತಮಗಿಂತ ಎರಡು ಪಟ್ಟಿಗೂ ಹೆಚ್ಚು ಮಾರಿದೆ ಅಂತ.

ಮೂರನೆಯದು, ಲೆಕ್ಕದಿಂದ ಹೊರಗೆ ಉಳಿದವರು ಯಾರು? ನಿಂಟೆಂಡೊ ತನ್ನ ಕನ್ಸೋಲ್ ಫ್ಯಾಮಿಕಾಮ್ ಮತ್ತು ಅದರ ಹೊರದೇಶದ ರೂಪ ಎನ್‌ಇಎಸ್ ಸೇರಿ 6 ಕೋಟಿ 19 ಲಕ್ಷ ಹೋಗಿವೆ ಅನ್ನುತ್ತೆ. ನಾವು ಚಿಕ್ಕವರಿದ್ದಾಗ ಖಡೇಬಜಾರ್‌ನಿಂದ ತಂದ, 'ಟಿವಿ ಗೇಮ್' ಅಂತ ಕರೆಯುತ್ತಿದ್ದ ಪೆಟ್ಟಿಗೆ ಅದರದೇ ನಕಲು. ಮಾರಿಯೋ, ಕಾಂಟ್ರಾ ಇದ್ದ ಕ್ಯಾಸೆಟ್. ಓಡದಿದ್ದರೆ ಬಾಯಿಂದ ಊದಿ ಹಾಕೋದು. ಗಲ್ಲಿಯ ಹತ್ತು ಹುಡುಗರಿಗೆ ಅದೊಂದೇ. ಕರೆಂಟ್ ಹೋದರೆ ಮಗ್ಗವೂ ಬಂದ್, ನಮ್ಮ ಆಟವೂ ಬಂದ್. ಜಗತ್ತಿನ ಯಾವ ಪಟ್ಟಿಯಲ್ಲೂ ಆ ಪೆಟ್ಟಿಗೆ ಇಲ್ಲ, ನಾವು ಹತ್ತು ಜನವೂ ಇಲ್ಲ.

ಈಗ ಅಳಿಯನ ಪ್ರಶ್ನೆಗೆ ಬರೋಣ. ಪಿಎಸ್5 ಜಗತ್ತಿನಲ್ಲಿ 8 ಕೋಟಿ ದಾಟಿದೆ ಅಂದೆ. ಅವನ ಕಣ್ಣು ಅರಳಿತು. "ಅದು ಬಿಡು, ನಿನ್ನ ಕ್ಲಾಸಿನಾಗ ಎಷ್ಟು ಮಂದಿ ಹತ್ರ ಏನೈತಿ?" ಅಂತ ಕೇಳಿದೆ. ಇಬ್ಬರ ಹತ್ತಿರ ಪಿಎಸ್4, ಎಕ್ಸ್‌ಬಾಕ್ಸ್ ಒಬ್ಬರಲ್ಲೂ ಇಲ್ಲ. ಅಲ್ಲಿಗೆ ತೀರ್ಮಾನವಾಯ್ತು. ಪಿಎಸ್4ರ ಹೆಚ್ಚಿನ ಡಿಸ್ಕ್‌ಗಳು ಪಿಎಸ್5ರಲ್ಲೂ ಓಡುತ್ತವೆ, ಗೆಳೆಯರ ಜೊತೆ ಅದಲು ಬದಲು ಮಾಡಿಕೊಳ್ಳಬಹುದು. ಆದರೆ ಡಿಸ್ಕ್ ಹಾಕುವ ಮಾದರಿಯೇ ಬೇಕು. ಡಿಜಿಟಲ್ ಮಾದರಿ ಇಲ್ಲಿಗೆ ಬಂದಾಗಲೇ 10 ಸಾವಿರ ರೂಪಾಯಿ ಕಡಿಮೆ ಇತ್ತು, ಆದರೆ ಅದನ್ನು ಕೊಂಡರೆ ಪ್ರತಿ ಆಟವನ್ನೂ ನಾವೇ ಕೊಳ್ಳಬೇಕು.

"ಅಂದ್ರ 8 ಕೋಟಿ ಸುಳ್ಳೇನು?" ಅಂದ. ಸುಳ್ಳಲ್ಲ, ನಿನ್ನ ಪ್ರಶ್ನೆಗೆ ಉತ್ತರ ಅಲ್ಲ ಅಷ್ಟೇ ಅಂದೆ.

ಅಪ್ಪ ಇನ್ನೂ ಅದೇ ಎಕ್ಸೆಲ್ ಬಳಸ್ತಾರೆ, ಫೋನಿನಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು. 'ಮಾರಾಟ' ಕಾಲಮ್ ತೆಗೆಸಿದ್ದಾರೆ. ಈಗಿರೋದು ಎರಡು: 'ಕಳಿಸಿದ್ದು', 'ರೊಕ್ಕ ಬಂದಿದ್ದು'. ಊರಿಗೆ ಹೋದಾಗೆಲ್ಲ ನಾನು ಎರಡನೆಯದನ್ನೇ ಮೊದಲು ನೋಡ್ತೀನಿ.